ಗೋಡೆ ಇಲ್ಲದ ಊರಿನ ಬಾಗಿಲುಗಳು

ಇಟಲಿಯ ಫ್ಲಾರೆನ್ಸ್ ನಗರವನ್ನು ಬಳಸಿ ಒಂದು ಕಾಲಕ್ಕೆ ಕೋಟೆಗೋಡೆಯಿತ್ತು. 1284ರಲ್ಲಿ ಕಟ್ಟತೊಡಗಿ 1333ರಲ್ಲಿ ಮುಗಿಸಿದ್ದು. 1865ರಿಂದ 1871ರವರೆಗೆ ಈ ನಗರ ಇಟಲಿಯ ರಾಜಧಾನಿಯಾಗಿತ್ತು. ಆಗ ಜುಸೆಪ್ಪೆ ಪೋಜ್ಜಿ ಎಂಬ ವಾಸ್ತುಶಿಲ್ಪಿಯ ಯೋಜನೆಯಂತೆ ನದಿಯ ಉತ್ತರ ದಂಡೆಯ ಗೋಡೆಯನ್ನು ಕೆಡವಿ, ಆ ಜಾಗದಲ್ಲಿ ಅಗಲವಾದ ಸಾಲುಮರಗಳ ರಸ್ತೆ ಮಾಡಿದರು. ಬಾಗಿಲುಗಳನ್ನು ಮಾತ್ರ ಉಳಿಸಿಕೊಂಡರು. ಗೋಡೆಯ ಆಸರೆಯಿಲ್ಲದ ಆ ಹೆಬ್ಬಾಗಿಲುಗಳು ವಾಹನಗಳ ಸುಳಿಯ ನಡುವೆ ಒಂಟಿಯಾಗಿ ನಿಂತಿರುವುದನ್ನು ಕಂಡಾಗ, ತೇರು ಹೋದ ಮೇಲೆ ಉಳಿದ ಚಪ್ಪರದ ಕಂಬಗಳ ನೆನಪಾಗುತ್ತದೆ. ದಕ್ಷಿಣದ ಪೋರ್ತಾ ರೊಮಾನಾ ಎಂಬ ಬಾಗಿಲಿನ ಬಳಿ ಗೋಡೆಯ ಭಾಗವೂ ಉಳಿದಿದೆ. ಸಿಯೆನಾ ಕಡೆಯಿಂದ ದ್ರಾಕ್ಷಿ ತೋಟಗಳ ಗುಡ್ಡದ ದಾರಿಯಲ್ಲಿ ಬಂದವರಿಗೆ ಮೊದಲು ಎದುರಾಗುವುದು ಅದೇ. ನಾವು ಕುಟುಂಬ ಸಮೇತ ಬಾಡಿಗೆ ಕಾರಿನಲ್ಲಿ ಬಂದದ್ದೂ ಆ ದಾರಿಯಲ್ಲಿಯೇ.

ಈಗ ಆ ಊರಿಗೆ ಬೇರೆ ಬಗೆಯ ಬಾಗಿಲುಗಳಿವೆ. ಹಳೆಯ ನಗರದ ಬಹುಭಾಗವು ಸೀಮಿತ ಸಂಚಾರದ ವಲಯ. ಅಲ್ಲಿಯ ನಿವಾಸಿಗಳಿಗೂ ಅನುಮತಿ ಪಡೆದವರಿಗೂ ಹೊರತು ನಿಗದಿತ ಹೊತ್ತಿನಲ್ಲಿ ಕಾರಿಗೆ ಪ್ರವೇಶವಿಲ್ಲ. ತಡೆಗಂಬವಿಲ್ಲ, ಕಾವಲುಗಾರನಿಲ್ಲ, ಕೆಂಪು ಅಂಚಿನ ದುಂಡು ಫಲಕ, ಒಂದು ಕ್ಯಾಮೆರಾ, 'ವಾರ್ಕೊ ಆತ್ತಿವೊ' ಎಂಬ ಬರಹ, ಇಷ್ಟೇ. 'ವಾರ್ಕೊ' ಎಂದರೆ ದ್ವಾರ, 'ಆತ್ತಿವೊ' ಎಂದರೆ ಸಕ್ರಿಯ. ದ್ವಾರ ಸಕ್ರಿಯವಾಗಿದೆ ಎಂದರೆ ತೆರೆದಿದೆ ಎಂದು ಹೊರಗಿನವನು ತಿಳಿಯುವುದು ಸಹಜ. ಅರ್ಥ ತದ್ವಿರುದ್ಧ: ಕ್ಯಾಮೆರಾ ಎಚ್ಚರವಾಗಿದೆ, ಒಳಗೆ ಬರಬೇಡ.

ನಮ್ಮ ಹೋಟೆಲು ವಲಯದ ಒಳಗಿತ್ತು. ಅತಿಥಿಗಳ ಕಾರಿನ ಸಂಖ್ಯೆಯನ್ನು ನಗರಾಡಳಿತಕ್ಕೆ ತಿಳಿಸಿ ಅನುಮತಿ ಪಡೆಯುವ ವ್ಯವಸ್ಥೆ ಅಲ್ಲಿಯ ಹೋಟೆಲುಗಳಿಗಿದೆ. ಸಂಖ್ಯೆಯನ್ನು ನಾನು ಮುಂಚಿತವಾಗಿ ಬರೆದು ಕಳುಹಿಸಿದ್ದೆ. ನೋಂದಾಯಿಸುತ್ತೇವೆಂಬ ಉತ್ತರವೂ ಇಮೇಲ್‌ನಲ್ಲಿ ಬಂದಿತ್ತು. ಆದರೂ ಊರಿಗೆ ಮರಳಿದ ಎರಡು ತಿಂಗಳಲ್ಲಿ ಬಾಡಿಗೆ ಸಂಸ್ಥೆಯು ನನ್ನ ಕಾರ್ಡಿನಿಂದ ಒಂದಿಷ್ಟು ಹಣ ಎಳೆದುಕೊಂಡಿತು. ದಂಡ ಅದರೊಂದಿಗೆ ತೀರಿತೆಂದು ಬಹಳ ಮಂದಿ ಭಾವಿಸುತ್ತಾರೆ. ಅದು ದಂಡವೇ ಅಲ್ಲ. ಚಾಲಕನ ಹೆಸರು, ವಿಳಾಸಗಳನ್ನು ಪೊಲೀಸರಿಗೆ ಒದಗಿಸಿದ್ದಕ್ಕೆ ಸಂಸ್ಥೆ ತೆಗೆದುಕೊಳ್ಳುವ ಶುಲ್ಕ. ಕಾರು ಪಡೆಯುವಾಗ ಸಹಿ ಹಾಕುವ ಕರಾರಿನ ಸಣ್ಣ ಅಕ್ಷರಗಳಲ್ಲಿ ಅದಕ್ಕೆ ನಮ್ಮ ಒಪ್ಪಿಗೆ ಇದ್ದೇ ಇರುತ್ತದೆ.

ನಿಜವಾದ ನೋಟೀಸು ಬಂದದ್ದು ಎಂಟನೆಯ ತಿಂಗಳಲ್ಲಿ, ಕಾಸರಗೋಡಿನ ನಮ್ಮ ಅಂಚೆಯವರ ಕೈಯಲ್ಲಿ, ನೋಂದಾಯಿತ ಅಂಚೆಯಾಗಿ. ವಿದೇಶದಲ್ಲಿ ವಾಸಿಸುವವರಿಗೆ ನೋಟೀಸು ಕಳುಹಿಸಲು ಇಟಲಿಯ ಕಾನೂನು 360 ದಿನಗಳ ಅವಕಾಶ ಕೊಡುತ್ತದೆ. ಬಾಡಿಗೆ ಕಾರಾದರೆ ಅಧಿಕಾರಿಗಳು ಆ ಅವಧಿಯನ್ನು ಎಣಿಸುವುದು ಚಾಲಕನ ಹೆಸರು ತಮಗೆ ತಿಳಿದ ದಿನದಿಂದ. ಆದುದರಿಂದ ವರ್ಷ ಕಳೆದ ಮಾತ್ರಕ್ಕೆ ನಿಶ್ಚಿಂತರಾಗುವಂತಿಲ್ಲ.

ನೋಟೀಸು ಕೈಸೇರಿದ ದಿನದಿಂದ ನಮ್ಮ ಲೆಕ್ಕ ಆರಂಭ. ಐದು ದಿನದೊಳಗೆ ಕಟ್ಟಿದರೆ ಶೇಕಡಾ 30 ರಿಯಾಯಿತಿ. 60 ದಿನದೊಳಗಾದರೆ ಕನಿಷ್ಠ ದಂಡ. ಅದೂ ಮೀರಿದರೆ ಗರಿಷ್ಠ ದಂಡದ ಅರ್ಧ. ಆದರೆ ಕಟ್ಟಿದವನಿಗೆ ಆಮೇಲೆ ಆಕ್ಷೇಪಣೆಯ ಹಕ್ಕಿಲ್ಲ. ಆ ಐದು ದಿನಗಳ ಆಮಿಷ ಇರುವುದೇ ಅದಕ್ಕಾಗಿ ಎಂದು ವಕೀಲನ ಸಂಶಯ. ಆಕ್ಷೇಪಣೆಗೆ ಎರಡು ದಾರಿ: ಜಿಲ್ಲೆಯ ಪ್ರಿಫೆಕ್ಟ್ ಎಂಬ ಅಧಿಕಾರಿ, ಇಲ್ಲವೇ 'ಶಾಂತಿ ನ್ಯಾಯಾಧೀಶ'. ವಿದೇಶವಾಸಿಗೆ ಎರಡಕ್ಕೂ 60 ದಿನ. ಪ್ರಿಫೆಕ್ಟ್ ಆಕ್ಷೇಪಣೆಯನ್ನು ತಳ್ಳಿಹಾಕಿದರೆ ಕನಿಷ್ಠ ದಂಡದ ಇಮ್ಮಡಿಗೆ ಕಡಿಮೆಯಿಲ್ಲದಷ್ಟು ತೆರಬೇಕು. ಹೋಟೆಲಿನ ಲಿಖಿತ ಉತ್ತರ ಕೈಯಲ್ಲಿದ್ದುದರಿಂದ ನಾನು ಆ ದಾರಿಯನ್ನೇ ಹಿಡಿದೆ.

ನೋಟೀಸು ಬಂದದ್ದು ಇಂಗ್ಲಿಷಿನಲ್ಲಿ. ಮನವಿ ಇಟಾಲಿಯನ್ನಿನಲ್ಲಿ ಹೋಗಬೇಕು. ಭಾಷೆ ಬಲ್ಲ ಪರಿಚಿತರೊಬ್ಬರಿಂದ ಬರೆಯಿಸಿದೆ. ಅದೇ ದೇಶದ ಉತ್ತರದ ಬೋಲ್ಜಾನೊ ಪ್ರಾಂತದಲ್ಲಿ ಜರ್ಮನ್ ಮಾತನಾಡುವವರು ಬಹುಸಂಖ್ಯಾತರು. ಊರಿನ ಫಲಕಗಳು ಎರಡೂ ಭಾಷೆಗಳಲ್ಲಿವೆ. ಕಚೇರಿ ಮತ್ತು ನ್ಯಾಯಾಲಯಗಳಲ್ಲಿ ಅವರು ತಮ್ಮ ಭಾಷೆಯಲ್ಲಿಯೇ ವ್ಯವಹರಿಸಬಲ್ಲರು. 1956ರ ನವೆಂಬರ್ 1ರಂದು ಗಡಿಯ ಈಚೆ ಉಳಿದ ನಮಗೆ ಇದರ ಬೆಲೆಯನ್ನು ಯಾರೂ ವಿವರಿಸಬೇಕಾಗಿಲ್ಲ. ಕುಂದುಕೊರತೆಯ ಮನವಿಯನ್ನು ಒಕ್ಕೂಟದಲ್ಲಿ ಅಥವಾ ರಾಜ್ಯದಲ್ಲಿ ಬಳಕೆಯಲ್ಲಿರುವ ಯಾವುದೇ ಭಾಷೆಯಲ್ಲಿ ಸಲ್ಲಿಸುವ ಹಕ್ಕನ್ನು ಸಂವಿಧಾನದ 350ನೆಯ ಅನುಚ್ಛೇದ ನಮಗೂ ಕೊಟ್ಟಿದೆ. ಕನ್ನಡ ಶಾಲೆಯ ಮಕ್ಕಳ ತಂದೆತಾಯಿಯರು ಅದನ್ನು ಎಷ್ಟು ಸಲ ಬಳಸಿದ್ದೇವೆ?

ಈ ಬೇಸಿಗೆಯಲ್ಲಿ ಆ ಕಡೆ ಹೋಗುವವರಿಗೆ ಎರಡು ಮಾತು. ಅಂತಾರಾಷ್ಟ್ರೀಯ ಚಾಲನಾ ಪರವಾನಗಿಯನ್ನು ನಮ್ಮ ಆರ್.ಟಿ.ಓ. ಕಚೇರಿಯಲ್ಲಿಯೇ ಪಡೆಯಬಹುದು, ಅದರ ಆಯುಷ್ಯ ಒಂದು ವರ್ಷ. ಫ್ಲಾರೆನ್ಸಿಗೆ ಕಾರನ್ನು ಒಯ್ಯಲೇಬೇಡಿ: ಹೆದ್ದಾರಿಯ ಮಗ್ಗುಲಲ್ಲಿಯೇ ವಿಲ್ಲಾ ಕೊಸ್ತಾಂಜಾ ಎಂಬಲ್ಲಿ ನಿಲುಗಡೆಯಿದೆ, ಅಲ್ಲಿಂದ ಟ್ರಾಮ್ ನೇರ ನಗರದೊಳಕ್ಕೆ ಒಯ್ಯುತ್ತದೆ.

ನನ್ನ ಮನವಿಗೆ ಉತ್ತರ ಬರಲಿಲ್ಲ. ನೇರವಾಗಿ ಪ್ರಿಫೆಕ್ಟರಿಗೆ ಕಳುಹಿಸಿದ ಆಕ್ಷೇಪಣೆಗೆ 210 ದಿನಗಳಲ್ಲಿ ತೀರ್ಮಾನವಾಗದಿದ್ದರೆ ಅದು ಅಂಗೀಕೃತವಾದಂತೆ ಎಂದು ಅಲ್ಲಿಯ ಕಾನೂನು ಹೇಳುತ್ತದೆ. ಮೌನಂ ಸಮ್ಮತಿ ಲಕ್ಷಣಂ ಎಂಬುದು ಅಲ್ಲಿ ಗಾದೆಯಲ್ಲ, ವಿಧಿ. ದಂಡ ಹೀಗೆ ಬಿದ್ದುಹೋಯಿತು. ಬಾಡಿಗೆ ಸಂಸ್ಥೆಯ ಶುಲ್ಕ ಮಾತ್ರ ಹಿಂದೆ ಬರಲಿಲ್ಲ. ತಪ್ಪು ಯಾರದೇ ಆಗಿರಲಿ, ಹೆಸರು ಒದಗಿಸಿದ ಕೆಲಸಕ್ಕೆ ಕೂಲಿ ಸಲ್ಲಬೇಕೆಂದು ಕರಾರಿನಲ್ಲಿತ್ತು.