ಡೋಣಿ ದಾಟಿ ಹೃದಯದವರೆಗೆ

ಡೋಣಿ ಸೀಮೆಯ ಎರೆಹೊಲ ನೋಡಬೇಕೆಂದರೆ ಕಾರಹುಣ್ಣಿಮೆಯ ಹೊತ್ತಿಗೆ ಹೋಗಬೇಕು. ಮೊದಲ ಮಳೆ ಬಿದ್ದು, ಮತ್ತೆ ಬಿಸಿಲು ಹೊಡೆದು, ಹರಗಿಟ್ಟ ನೆಲ ಕಣ್ಣು ಹರಿಯುವಷ್ಟು ದೂರ ಕಪ್ಪಗೆ ಮಲಗಿರುತ್ತದೆ. ಗಿಡ ವಿರಳ, ಗುಡ್ಡ ಇಲ್ಲವೇ ಇಲ್ಲ, ಆಕಾಶವೇ ಹೆಚ್ಚು. ‘ಡೋಣಿ ಬೆಳೆದರೆ ಓಣೆಲ್ಲ ಜೋಳ’ ಎಂಬ ಮಾತು ಹುಟ್ಟಿದ್ದು ಈ ಮಣ್ಣಿನ ಮೇಲೆ. ಹಿಂಗಾರಿಯಲ್ಲಿ ಮೇಲೆ ಒಂದು ಹನಿ ಬೀಳದಿದ್ದರೂ ಒಳಗಿನ ತೇವ ಹೀರಿಕೊಂಡು ಬಿಳಿಜೋಳ ತೆನೆ ಹಿರಿಯುವುದು ಇಲ್ಲಿ. ಇಷ್ಟು ಸಲ ನೋಡಿದ್ದರೂ ನನಗೆ ಈ ನೆಲದ ಬೆರಗು ಹೋಗಿಲ್ಲ.

ಬಬಲೇಶ್ವರ ತಾಲ್ಲೂಕಿನ ಕಾಖಂಡಕಿ ನನ್ನ ತಾಯಿಯ ತವರು. ಊರು ಎರಡು ಕಾರಣಕ್ಕೆ ಹೆಸರಾಗಿದೆ. ಒಂದು, ಕಾರಹುಣ್ಣಿಮೆ ಮುಗಿದ ಮೇಲೆ ನಡೆಯುವ ಕರಿ. ಬಣ್ಣ ಬಳಿದ ಕೋಡು, ಮೈಮೇಲೆ ಜೂಲು ಹೊತ್ತ ಹೋರಿಗಳು ಓಣಿ ತುಂಬಿದ ಜನರ ನಡುವೆ ಹಾರಿ ಬರುವುದನ್ನು ನೋಡಲು ಸುತ್ತಲಿನ ಊರುಗಳು ಇಲ್ಲಿ ಬಂದು ಮಾಳಿಗೆ ಏರುತ್ತವೆ. ಇನ್ನೊಂದು, 17ನೆಯ ಶತಮಾನದ ಮಹಿಪತಿದಾಸರು. ವಿಜಾಪುರದ ಆದಿಲಶಾಹಿ ದರಬಾರಿನಲ್ಲಿ ದೊಡ್ಡ ಅಧಿಕಾರದಲ್ಲಿದ್ದವರು ಅದನ್ನೆಲ್ಲ ಬಿಟ್ಟು, ಸಾರವಾಡದ ಭಾಸ್ಕರಸ್ವಾಮಿಗಳಿಂದ ಉಪದೇಶ ಪಡೆದು, ಈ ಹಳ್ಳಿಯಲ್ಲಿ ನೆಲೆಸಿ ಹಾಡಿದರು. ರಾಜಧಾನಿಯಿಂದ ಕಾಖಂಡಕಿಗೆ ಬಂದು ಅವರು ನೆಮ್ಮದಿ ಕಂಡರು. ನಾವು ಆ ವರ್ಷ ಕಾಖಂಡಕಿಯಿಂದ ವಿಜಯಪುರಕ್ಕೆ ಹೋಗಬೇಕಾಯಿತು, ಅದೂ ಹಬ್ಬದ ಬೆಳಗ್ಗೆ, ಸೋದರಮಾವನ ಎದೆನೋವು ಹೊತ್ತುಕೊಂಡು.

ಮಾವ ಕಟ್ಟೆಯ ಮೇಲೆ ಕೂತಿದ್ದರು. ಅಂಗಿಯ ಎಡಗಿಸೆಯಲ್ಲಿ ಬೀಡಿಕಟ್ಟು, ಕಡ್ಡಿಪೆಟ್ಟಿಗೆ. ಅರ್ಧ ಸೇದಿದ ಬೀಡಿ ಬೆರಳಲ್ಲೇ ಆರಿತ್ತು. ಮಾವ ಬೀಡಿ ಆರಲು ಬಿಟ್ಟದ್ದನ್ನು ನಾನು ನೋಡಿದವನಲ್ಲ. ಅದಕ್ಕೇ ಹತ್ತಿರ ಹೋದೆ. ಹಣೆಯ ಮೇಲೆ ತಣ್ಣನೆ ಬೆವರು.

“ಎದಿ ಒತ್ತಿ ಹಿಡದಂಗ ಆಗಲಾಕತ್ತೈತಿ ಅಳಿಯಾ. ಎಡಗೈನೂ ಜಗ್ಗತೈತಿ. ವಾಯು ಇರಬೇಕು, ಒಂದ ಸೋಡಾ ತರಸು” ಅಂದರು.

ಅತ್ತೆ ಒಳಗಿಂದ ಅಜವಾನ ಹಿಡಿದುಕೊಂಡು ಬಂದರು. ಪಕ್ಕದ ಮನೆಯವರು ಬೆನ್ನು ತಿಕ್ಕಲು ನಿಂತರು. ಎಲ್ಲರದೂ ಪ್ರೀತಿಯೇ. ಆದರೆ ನಮ್ಮ ಹಳ್ಳಿಗಳಲ್ಲಿ ಎಷ್ಟೋ ಜನರನ್ನು ಕಳೆದುಕೊಂಡದ್ದು ಈ ಸೋಡಾ, ಅಜವಾನ, ‘ಸ್ವಲ್ಪ ಅಡ್ಡಾಗು, ಕಡಿಮಿ ಆಗತೈತಿ’ ಎಂಬ ಪ್ರೀತಿಯ ಗಳಿಗೆಯಲ್ಲೇ. ಎದೆಯ ನಡುವೆ ಭಾರ, ಕೈಗೋ ದವಡೆಗೋ ಹರಡುವ ನೋವು, ತಣ್ಣನೆ ಬೆವರು, ಮೇಲೆ ಬೀಡಿ ಸೇದುವ ಮೈ: ಇವಿಷ್ಟು ಕೂಡಿದಾಗ ವಾಯುವೋ ಅಲ್ಲವೋ ಎಂದು ಮನೆಯಲ್ಲಿ ಕೂತು ತೀರ್ಮಾನಿಸುವಂತಿಲ್ಲ. 108ಕ್ಕೆ ಫೋನ್ ಮಾಡಿದೆ.

ಆಂಬುಲೆನ್ಸ್ ಬಂದಾಗ ಓಣಿಯ ತುಂಬ ಹಬ್ಬ. ಹಲಗೆ ನಿಂತಿತು. ಹೋರಿ ಹಿಡಿದವರು ಮೂಗುದಾರ ಜಗ್ಗಿ ಗೋಡೆಗೆ ಸರಿದರು. ಅಷ್ಟು ಜನ ಎರಡು ಸಾಲಾಗಿ ಒಡೆದು ದಾರಿ ಬಿಟ್ಟ ರೀತಿ ಈಗಲೂ ಕಣ್ಣಿಗೆ ಕಟ್ಟಿದೆ. ಗಾಡಿಯಲ್ಲಿದ್ದ ಹುಡುಗ ಮಾವನನ್ನು ನಡೆಯಗೊಡಲಿಲ್ಲ, ಸ್ಟ್ರೆಚರಿನಲ್ಲೇ ಏರಿಸಿದ. ಹೊಟ್ಟೆಯಲ್ಲಿ ಹುಣ್ಣು ಇದೆಯೇ, ಯಾವುದಾದರೂ ಗುಳಿಗೆ ಮೈಗೆ ಆಗುವುದಿಲ್ಲವೇ ಎಂದು ಕೇಳಿಕೊಂಡು, ಆಸ್ಪತ್ರೆಯ ವೈದ್ಯರೊಡನೆ ಫೋನಿನಲ್ಲಿ ಮಾತಾಡಿ, ಆಸ್ಪಿರಿನ್ ಕೊಟ್ಟ. “ನುಂಗಬ್ಯಾಡ್ರಿ ಕಾಕಾ, ಅಗೀರಿ” ಅಂದ. ಅಗಿದರೆ ಬೇಗ ರಕ್ತಕ್ಕೆ ಸೇರುತ್ತದೆ. ರಕ್ತದ ಕಿರುಬಿಲ್ಲೆಗಳು ಒಂದಕ್ಕೊಂದು ಅಂಟಿ ಹೆಪ್ಪು ಬೆಳೆಯುವುದನ್ನು ತಡೆಯುತ್ತದೆ. ಕೆಲವೇ ರೂಪಾಯಿಯ ಬಿಳಿ ಗುಳಿಗೆ, ಎಂಥ ಕೆಲಸ!

ಗಾಡಿಯ ಕಿಟಕಿಯಿಂದ ದ್ರಾಕ್ಷಿ ತೋಟಗಳು, ಒಣದ್ರಾಕ್ಷಿಯ ಶೆಡ್ಡುಗಳು, ಮತ್ತೆ ಎರೆ, ಮತ್ತೆ ಎರೆ. ಡೋಣಿ ದಾಟುವಾಗ ಕೆಳಗೆ ನೀರು ಸಣ್ಣಗಿತ್ತು. ಮಾವ ಕಣ್ಣು ಬಿಟ್ಟು, “ಹೊಳಿ ಬಂದೈತೇನು?” ಎಂದು ಕೇಳಿದರು. ಅಂಥ ಸ್ಥಿತಿಯಲ್ಲೂ ರೈತನಿಗೆ ಮಳೆಯ ಚಿಂತೆ. ನಾನು ಅವರ ಕೈ ಹಿಡಿದುಕೊಂಡೆ. ದೂರದಲ್ಲಿ ಗೋಳಗುಮ್ಮಟದ ತಲೆ ಕಂಡಾಗ ಜನ್ಮದಲ್ಲೇ ಮೊದಲ ಸಲ ಅದನ್ನು ಊರು ಹತ್ತಿರ ಬಂದ ಗುರುತಾಗಿ ಮಾತ್ರ ನೋಡಿದೆ.

ಆಸ್ಪತ್ರೆಯಲ್ಲಿ ಹೆಸರು ಬರೆಸುವ ಮೊದಲೇ ಇಸಿಜಿ. ಬಂದ ಹತ್ತು ನಿಮಿಷದೊಳಗೆ ಅದು ಆಗಬೇಕೆಂಬುದು ಹೃದ್ರೋಗ ಚಿಕಿತ್ಸೆಯ ನಿಯಮ. ಕೈಕಾಲಿಗೆ ನಾಲ್ಕು, ಎದೆಗೆ ಆರು. ಒಟ್ಟು ಹತ್ತು ಕಡೆ ತಂತಿ ಅಂಟಿಸಿ, ಹನ್ನೆರಡು ದಿಕ್ಕಿನಿಂದ ಹೃದಯವನ್ನು ನೋಡುವುದು. ಗುಲಾಬಿ ಚೌಕಳಿಯ ಕಾಗದದ ಮೇಲೆ ಮಾವನ ಹೃದಯ ತನ್ನ ಕೈಬರಹದಲ್ಲಿ ತಾನೇ ಬರೆಯುತ್ತ ಹೊರಬಂತು. ನೆದರ್ಲೆಂಡ್ಸಿನ ಲೈಡನ್ನಿನಲ್ಲಿ ವಿಲ್ಲೆಮ್ ಐಂಥೋವನ್ ಈ ಯಂತ್ರ ಕಟ್ಟಿದಾಗ ಅದು ಒಂದು ಕೋಣೆಗೆ ಭಾರವಾಗುವಷ್ಟಿತ್ತು. ರೋಗಿ ಕೈಕಾಲುಗಳನ್ನು ಉಪ್ಪುನೀರಿನ ಪಾತ್ರೆಗಳಲ್ಲಿ ಮುಳುಗಿಸಿ ಕೂರಬೇಕಿತ್ತು. 1905ರಲ್ಲಿ ಆತ ಆಸ್ಪತ್ರೆಯಲ್ಲಿದ್ದ ರೋಗಿಯ ಹೃದಯದ ಮಿಡಿತವನ್ನು ಟೆಲಿಫೋನ್ ತಂತಿಯ ಮೇಲೆ ಒಂದೂವರೆ ಕಿಲೋಮೀಟರ್ ಆಚೆಯ ಪ್ರಯೋಗಶಾಲೆಗೆ ತರಿಸಿಕೊಂಡ. 1924ರಲ್ಲಿ ಆತನಿಗೆ ನೊಬೆಲ್ ಬಂತು. ಇಂದು ನಮ್ಮ ರಾಜ್ಯದಲ್ಲಿ ಪುನೀತ್ ರಾಜ್‌ಕುಮಾರ್ ಹೆಸರಿನ ಹೃದಯ ಜ್ಯೋತಿ ಯೋಜನೆ ಮಾಡುತ್ತಿರುವುದೂ ಅದರ ಮುಂದುವರಿಕೆಯೇ: ತಾಲ್ಲೂಕು ಆಸ್ಪತ್ರೆಯಲ್ಲಿ ತೆಗೆದ ಇಸಿಜಿ ಕೆಲವೇ ನಿಮಿಷದಲ್ಲಿ ದೂರದ ತಜ್ಞರ ಕಣ್ಣಿಗೆ ಬೀಳುತ್ತದೆ, ಬೇಕಾದವರಿಗೆ ಹೆಪ್ಪು ಕರಗಿಸುವ ಟೆನೆಕ್ಟೆಪ್ಲೇಸ್ ಚುಚ್ಚುಮದ್ದು ಅಲ್ಲೇ ಉಚಿತವಾಗಿ ಸಿಗುತ್ತದೆ. 46ಕ್ಕೆ ಹೋದ ಆ ನಗುಮುಖದ ಹೆಸರನ್ನು ಇದಕ್ಕಿಟ್ಟವರಿಗೆ ನನ್ನ ನಮಸ್ಕಾರ.

ಮಾವನ ಮೊದಲ ಕಾಗದದಲ್ಲಿ ದೊಡ್ಡ ದೋಷವೇನೂ ಕಾಣಲಿಲ್ಲ. ಮಾವ ಎದ್ದು ಚಪ್ಪಲಿ ಹುಡುಕಿದರು.

“ಮಲಗ್ರಿ ಕಾಕಾ” ಅಂದರು ಡ್ಯೂಟಿ ಡಾಕ್ಟರು. ಚಿಕ್ಕ ವಯಸ್ಸಿನ ಹೆಣ್ಣುಮಗಳು. “ದಿನಕ್ಕ ಎಷ್ಟ ಬೀಡಿ?”

“ಎರಡ ಕಟ್ಟರೀ. ಕರಿ ಹಬ್ಬಕ್ಕ ಸ್ವಲ್ಪ ಜಾಸ್ತಿ.”

“ಎಷ್ಟ ವರ್ಷದಿಂದ?”

ಮಾವ ಅತ್ತೆಯ ಮುಖ ನೋಡಿದರು. “ಲಗ್ನಕ್ಕಿಂತ ಮೊದಲಿಂದ್ರೀ” ಅಂದರು ಅತ್ತೆ.

ಒಂದು ಇಸಿಜಿ ಚೆನ್ನಾಗಿದೆ ಎಂದರೆ ಹೃದಯ ಚೆನ್ನಾಗಿದೆ ಎಂದಲ್ಲ. ಅದು ಆ ಕೆಲವು ಸೆಕೆಂಡುಗಳ ಸುದ್ದಿ ಅಷ್ಟೇ. ರಕ್ತ ತೆಗೆದರು. ಹೃದಯದ ಸ್ನಾಯು ನೊಂದರೆ ಟ್ರೋಪೋನಿನ್ ಎಂಬ ಪ್ರೋಟೀನು ರಕ್ತಕ್ಕೆ ಸೋರುತ್ತದೆ, ಆದರೆ ಅದು ಏರಲು ಕೆಲವು ಗಂಟೆ ಬೇಕು. ಹೀಗಾಗಿ ಕಾದು ಮತ್ತೆ ಇಸಿಜಿ, ಮತ್ತೆ ರಕ್ತ. ಎರಡನೆಯ ಕಾಗದದಲ್ಲಿ ಗೆರೆ ಕೆಳಗೆ ಕುಸಿದಿತ್ತು, ಟ್ರೋಪೋನಿನ್ ಏರಿತ್ತು. ಆ ಹೆಣ್ಣುಮಗಳು ಮೊದಲ ಕಾಗದ ನೋಡಿ ಮನೆಗೆ ಕಳಿಸಿದ್ದರೆ ಏನಾಗುತ್ತಿತ್ತೆಂದು ಯೋಚಿಸಲೂ ನನಗೆ ಧೈರ್ಯವಿಲ್ಲ.

ಆಂಜಿಯೋಗ್ರಾಮ್ ಮುಗಿದ ಮೇಲೆ ಹೃದ್ರೋಗ ತಜ್ಞರು ನನ್ನನ್ನು ಒಳಗೆ ಕರೆದು ಪರದೆಯ ಮೇಲೆ ತೋರಿಸಿದರು. ಮಣಿಕಟ್ಟಿನ ರಕ್ತನಾಳದಿಂದ ಸಣ್ಣ ನಳಿಕೆ ಏರಿಸಿ, ಹೃದಯದ ಬಾಗಿಲಿಗೇ ಬಣ್ಣ ಬಿಟ್ಟಿದ್ದರು. ನಾಳಗಳು ಒಂದೊಂದಾಗಿ ಕಪ್ಪಗೆ ಮೂಡಿದವು. ಮಳೆಗಾಲದಲ್ಲಿ ಡೋಣಿಗೆ ಹಳ್ಳ, ಹಳ್ಳಕ್ಕೆ ಸರುವು, ಸರುವಿಗೆ ಹೊಲದ ಕಾಲುವೆ ಕೂಡಿಕೊಳ್ಳುವ ಹಾಗೆ, ಕವಲಿನ ಮೇಲೆ ಕವಲು. ಇಲ್ಲಿ ಮಾತ್ರ ನೀರು ಹೊಳೆಯಿಂದ ಹೊಲಕ್ಕೆ ಹರಿಯುತ್ತಿತ್ತು. ಮೂರು ನಾಲ್ಕು ಮಿಲಿಮೀಟರ್ ಅಗಲದ ನಾಳ, ದಿನಕ್ಕೆ ಲಕ್ಷ ಸಲ ಬಡಿಯುವ ಸ್ನಾಯುವನ್ನು ಸಾಕುತ್ತಿರುವುದು ಅದು. ಎಡಗಡೆಯ ದೊಡ್ಡ ಕವಲಿನಲ್ಲಿ ಬಣ್ಣ ಒಂದು ಕಡೆ ಕೂದಲಿನಷ್ಟು ಸಣ್ಣಗಾಗಿ, ಮುಂದೆ ಮತ್ತೆ ಅಗಲವಾಗಿತ್ತು. “ಇದ ನೋಡ್ರಿ ಜಾಗಾ” ಅಂದರು. ಬೀಡಿಯ ಹೊಗೆ ನಾಳದ ಒಳಮೈಯನ್ನು ಗಾಯ ಮಾಡುತ್ತದೆ, ಆ ಗಾಯದಲ್ಲಿ ಕೊಬ್ಬು ಸೇರುತ್ತದೆ. ನಿಕೋಟಿನ್ ಬಡಿತ ಏರಿಸುತ್ತದೆ. ಹೊಗೆಯ ಕಾರ್ಬನ್ ಮಾನಾಕ್ಸೈಡ್ ಆಮ್ಲಜನಕದ ಜಾಗ ಕಿತ್ತುಕೊಳ್ಳುತ್ತದೆ. ದುಡಿತ ಹೆಚ್ಚು, ಕೂಳು ಕಡಿಮೆ. ಕೊಬ್ಬಿನ ಮೇಲಿನ ಪೊರೆ ಹರಿದ ದಿನ ಹೆಪ್ಪು ಕಟ್ಟುತ್ತದೆ.

ಅದೇ ನಳಿಕೆಯ ದಾರಿಯಲ್ಲಿ ಬಲೂನು ಕಳಿಸಿ, ಉಬ್ಬಿಸಿ, ಸ್ಟೆಂಟ್ ಕೂರಿಸಿದರು. ಜರ್ಮನಿಯ ವೆರ್ನರ್ ಫೋರ್ಸ್‌ಮನ್ 1929ರಲ್ಲಿ ತನ್ನ ತೋಳಿನ ನಾಳಕ್ಕೆ ತಾನೇ ನಳಿಕೆ ತೂರಿಸಿಕೊಂಡು, ಹಾಗೇ ಕ್ಷಕಿರಣದ ಕೋಣೆಗೆ ನಡೆದುಹೋಗಿ, ಅದರ ತುದಿ ಹೃದಯ ಮುಟ್ಟಿದ್ದನ್ನು ಚಿತ್ರ ತೆಗೆಸಿದ. ಆಂಡ್ರಿಯಾಸ್ ಗ್ರುನ್‌ಟ್ಸಿಗ್ 1977ರಲ್ಲಿ ಜ್ಯೂರಿಕ್ಕಿನಲ್ಲಿ ಎಚ್ಚರವಿದ್ದ ರೋಗಿಯ ಹೃದಯನಾಳದಲ್ಲಿ ಮೊದಲ ಬಲೂನು ಉಬ್ಬಿಸಿದ. ಆ ದಾರಿ ನಮ್ಮ ಕಾಖಂಡಕಿಯ ರೈತನ ಮಣಿಕಟ್ಟಿಗೆ ಬಂದು ಮುಟ್ಟಿತಲ್ಲ! ಮಾವನಿಗೂ ಪೂರಾ ಎಚ್ಚರವಿತ್ತು, ಒಳಗಿಂದ ಹೊರಬಂದು ಕೇಳಿದ ಮೊದಲ ಮಾತು, “ಕರಿ ಹರೀತೇನು?”

ಐಸಿಯುದಲ್ಲಿ ನಮ್ಮನ್ನು ಕೂರಗೊಡಲಿಲ್ಲ. ಅತ್ತೆಯನ್ನು ಹೊರಗಿನ ಬಾಕಿನ ಮೇಲೆ ಕೂರಿಸಿ ಚಹಾ ಕೊಡಿಸಿ, ನಾನು ಕೋಟೆಯ ಕಡೆ ನಡೆದೆ. ಕಾಲು ತಾವಾಗಿಯೇ ಗಗನಮಹಲಿಗೆ ಒಯ್ದವು. ಮೊದಲನೆಯ ಅಲಿ ಆದಿಲಶಹಾ 1561ರಲ್ಲಿ ಕಟ್ಟಿಸಿದ ಮಹಲು. ಅದರ ನಡುವಿನ ಕಮಾನಿನ ಅಗಲ ನೋಡಿದರೆ ಇಂದಿಗೂ ಬಾಯಿ ಮಾತು ನಿಲ್ಲುತ್ತದೆ. ಅದರ ಕೆಳಗೆ ನಿಂತಾಗ ನೆನಪಾಯಿತು, ತಂಬಾಕಿನ ಹೊಗೆ ಮೊಗಲರ ದರಬಾರಿಗೆ ಹೋದದ್ದು ಈ ಊರಿಂದಲೇ.

ಎರಡನೆಯ ಇಬ್ರಾಹಿಂ ಆದಿಲಶಹಾನ ಕಾಲ. ಅಕ್ಬರನ ಮಗ ದಾನಿಯಾಲನಿಗೆ ವಿಜಾಪುರದ ರಾಜಕುಮಾರಿಯನ್ನು ಕರೆದೊಯ್ಯಲು ಅಸದ್ ಬೇಗ್ ಎಂಬ ರಾಯಭಾರಿ ಇಲ್ಲಿಗೆ ಬಂದ. ಉತ್ತರದಲ್ಲಿ ತಾನು ಎಲ್ಲಿಯೂ ಕಾಣದ ತಂಬಾಕನ್ನು ವಿಜಾಪುರದಲ್ಲಿ ಕಂಡ. ಪೋರ್ಚುಗೀಸರ ಹಡಗಿನಲ್ಲಿ ಪಡುವಣ ಕರಾವಳಿಗೆ ಬಂದಿಳಿದ ಎಲೆ ಅದು. ಆತ ಅಚೆ ಸೀಮೆಯ ಮೂರು ಮೊಳದ ನಳಿಗೆ ಎರಡೂ ತುದಿಯಲ್ಲಿ ರತ್ನ, ಮೀನಾ ಕೂರಿಸಿ, ಯೆಮೆನ್ನಿನ ಕೆಂಪು ಅಕೀಕದ ಬಾಯಿ ಹಚ್ಚಿ, ಬಂಗಾರದ ಚಿಲುಮೆ ಮಾಡಿಸಿದ. ಆದಿಲಶಹಾ ಉಡುಗೊರೆ ಕೊಟ್ಟಿದ್ದ ಎಲೆಅಡಿಕೆಯ ಚೀಲದ ತುಂಬ ತಂಬಾಕು ತುಂಬಿಕೊಂಡು ಆಗ್ರಾಕ್ಕೆ ಒಯ್ದ. 1604ರ ಸುಮಾರಿನ ಮಾತು. ಅದೇ 1604ರಲ್ಲಿ ಇಂಗ್ಲೆಂಡಿನ ದೊರೆ ಒಂದನೆಯ ಜೇಮ್ಸ್ ತಂಬಾಕಿನ ವಿರುದ್ಧ ತಾನೇ ಕಿರುಹೊತ್ತಿಗೆ ಬರೆದು ಹೊರತಂದ.

ಅಕ್ಬರ ಕೆಲವು ದಮ್ಮು ಎಳೆದ. ಆಸ್ಥಾನದ ಹಕೀಮ ಗಾಬರಿಯಾಗಿ ಬೇಡವೆಂದ. ಇದರ ಗುಣವನ್ನು ನಮ್ಮ ಶಾಸ್ತ್ರದವರಾರೂ ಬರೆದಿಟ್ಟಿಲ್ಲ, ಪರೀಕ್ಷಿಸದ ವಸ್ತುವನ್ನು ದೊರೆ ಸೇದುವುದು ಹೇಗೆ ಎಂಬುದು ಆತನ ವಾದ. ಅಸದ್ ಬೇಗ್ ಹೊಸದನ್ನೆಲ್ಲ ಹೀಗೆ ತಳ್ಳಿದರೆ ಹೇಗೆ ಎಂದು ಎದುರು ವಾದಿಸಿದ, ಗೆದ್ದ. ಅಮೀರ ಉಮರಾವರೆಲ್ಲ ಮುಗಿಬಿದ್ದರು, ವ್ಯಾಪಾರಿಗಳು ಮಾರಲು ತೊಡಗಿದರು. ಅಕ್ಬರ ಮಾತ್ರ ಚಟ ಹಚ್ಚಿಕೊಳ್ಳಲಿಲ್ಲ. ಮಗ ಜಹಾಂಗೀರ 1617ರಲ್ಲಿ ನಿಷೇಧಿಸಿದ, ಕೇಳುವವರಾರು? ಆ ಹಕೀಮನ ಮಾತಿಗೆ ಪುರಾವೆ ಸಿಗಲು ಮೂರೂವರೆ ಶತಮಾನ ಬೇಕಾಯಿತು: 1950ರ ದಶಕದಲ್ಲಿ ರಿಚರ್ಡ್ ಡಾಲ್ ಮತ್ತು ಬ್ರಾಡ್‌ಫರ್ಡ್ ಹಿಲ್ ಬ್ರಿಟನ್ನಿನ ವೈದ್ಯರನ್ನೇ ವರ್ಷಾನುಗಟ್ಟಲೆ ಹಿಂಬಾಲಿಸಿ ಸೇದುವವರ ಸಾವಿನ ಲೆಕ್ಕ ಇಟ್ಟರು. ಅಷ್ಟರಲ್ಲಿ ಬಂಗಾರದ ಚಿಲುಮೆ ಇಳಿದಿಳಿದು, ನಿಪ್ಪಾಣಿ ಸೀಮೆಯ ತಂಬಾಕು ಒಂದು ಒಣ ಎಲೆಯಲ್ಲಿ ಸುತ್ತಿಕೊಂಡು, ಮಾವನ ಎಡಗಿಸೆಗೆ ಬಂದು ಕೂತಿತ್ತು.

ವಾರ್ಡಿಗೆ ಬಂದ ಮೇಲೆ ಮಾವನಿಗೆ ಈ ಕತೆ ಹೇಳಿದೆ. ಬಹಳ ಹೊತ್ತು ಸುಮ್ಮನಿದ್ದು, “ಆ ಹಕೀಮನ ಮಾತ ಯಾರೂ ಕೇಳಲಿಲ್ಲೇನು?” ಅಂದರು. ಡಾಕ್ಟರು ಬಂದಾಗ ತಾವೇ ಬಾಯಿಬಿಟ್ಟು ಕೇಳಿದರು: “ದಿನಕ್ಕ ಒಂದಾದರೂ ನಡೀತೈತೇನ್ರಿ?”

“ಒಂದೂ ನಡ್ಯಂಗಿಲ್ಲ ಕಾಕಾ. ಬಿಟ್ಟ ಒಂದ ವರ್ಷಕ್ಕ, ಬೀಡಿಯಿಂದ ಬಂದ ಅಪಾಯದಾಗ ಸುಮಾರು ಅರ್ಧ ಇಳೀತೈತಿ. ಸ್ಟೆಂಟ್ ನಾವು ಹಾಕೀವಿ, ಅರ್ಧ ಕೆಲಸ ನಿಮ್ಮ ಕೈಯಾಗೈತಿ.”

ಮೊದಲ ಕೆಲವು ವಾರ ಜೀವ ಚಡಪಡಿಸುತ್ತದೆ, ಸಿಟ್ಟು ಬರುತ್ತದೆ, ನಿದ್ದೆ ಕೆಡುತ್ತದೆ ಎಂದು ನರ್ಸಮ್ಮ ಅತ್ತೆಗೂ ತಿಳಿಸಿ ಹೇಳಿದರು. ತಂಬಾಕು ಬಿಡುವವರಿಗಾಗಿ ಇರುವ 1800-11-2356 ಎಂಬ ಉಚಿತ ಫೋನ್ ನಂಬರನ್ನು ಔಷಧಿ ಚೀಟಿಯ ಹಿಂದೆ ದೊಡ್ಡ ಅಕ್ಷರದಲ್ಲಿ ಬರೆದುಕೊಟ್ಟರು. ಸ್ಟೆಂಟ್ ಹಾಕಿದ ಮೇಲಿನ ಗುಳಿಗೆಗಳನ್ನು ಯಾರು ಏನೇ ಹೇಳಿದರೂ ನಿಲ್ಲಿಸಬಾರದೆಂದು ಎರಡೆರಡು ಸಲ ಹೇಳಿದರು.

ಊರಿಗೆ ಕ್ರೂಸರಿನಲ್ಲಿ ಬಂದಿಳಿದಾಗ ಕಟ್ಟೆಯ ತುಂಬ ಜನ. ಮಾವನ ಚಿಕ್ಕಪ್ಪನ ಮಗ ಮುಂದೆ ಬಂದು ಕೈ ಹಿಡಿದುಕೊಂಡ. ಅವನ ಕಿವಿಯ ಮೇಲೂ ಬೀಡಿ. ಏರು ಹತ್ತಿದರೆ ತನಗೂ ಎದೆ ಹಿಡಿಯುತ್ತದೆ, ನಿಂತರೆ ಬಿಡುತ್ತದೆ, ಈ ವಾರ ಕೂತಲ್ಲೂ ಒಮ್ಮೆ ಹಿಡಿದಿತ್ತು ಎಂದು ಮೆಲ್ಲಗೆ ಹೇಳಿದ. ಮಾವ ಇನ್ನೂ ಮನೆಯ ಹೊಸ್ತಿಲು ದಾಟಿರಲಿಲ್ಲ. ಹಿಂತಿರುಗಿ ಡ್ರೈವರನನ್ನು ಕೂಗಿದರು.

“ಗಾಡಿ ಬಂದ್ ಮಾಡಬ್ಯಾಡೋ, ಇವನ ಕೂಡಸ್ಕೋ. ಅಳಿಯಾ, ನೀ ಜೋಡಿ ಹೋಗು. ಮೊದಲನೇ ಕಾಗದ ಚಲೋ ಬಂದ್ರೂ ಎದ್ದ ಬರಬ್ಯಾಡ್ರಿ, ಎರಡನೇದ ತಗಸ್ರಿ.”