ಹಿಟ್ಟಿನ ಡಬ್ಬಿ ಮ್ಯಾಲಿನ ಕಾಲೇಜು

ಮೊನ್ನೆ ಅಟ್ಟದ ಮ್ಯಾಲಿಂದ ಹಳೇ ಹಿಟ್ಟಿನ ಡಬ್ಬಿ ಇಳಿಸಿದೆ. ಎರಡು ರಬ್ಬರ್ ಬ್ಯಾಂಡ್ ಇನ್ನೂ ಅದಕ್ಕ ಅಂಟಿಕೊಂಡಿದ್ವು. "ಇದೇನವ್ವಾ?" ಅಂತ ಮಗಳು ಕೇಳಿದಳು. "ನನ್ನ ಕಾಲೇಜು" ಅಂದೆ.

2020ರಾಗ ಲಾಕ್‌ಡೌನ್ ಆದಾಗ ನಾ ಸರ್ಕಾರಿ ಪದವಿ ಕಾಲೇಜಿನ್ಯಾಗ ಅತಿಥಿ ಉಪನ್ಯಾಸಕಿ. ಅತಿಥಿ ಅಂದಮ್ಯಾಲೆ ಮನಿ ಕೀಲಿ ಯಾರರೆ ಕೊಡ್ತಾರೇನ್ರಿ? ತಿಂಗಳಿಗೆ 11 ಸಾವಿರ ಗೌರವಧನ. "ಆನ್‌ಲೈನ್ ಪಾಠ ಮಾಡ್ರಿ, ದಿನಾ ವರದಿ ಕಳಸ್ರಿ" ಅಂತ ಮೆಸೇಜ್ ಬಂತು. ಹೆಂಗ ಮಾಡೂದು ಅಂತ ಯಾರೂ ಹೇಳಲಿಲ್ಲ. ಫೋನೂ ನಂದ, ರೀಚಾರ್ಜೂ ನಂದ. ಡಬ್ಬಿಗೆ ಫೋನ್ ಕಟ್ಟಿ, ಮಗಳ ಪಾಟಿ ಮ್ಯಾಲೆ ಅರ್ಥಶಾಸ್ತ್ರದ ಬೇಡಿಕೆ ರೇಖೆ ಬರದು ತೋರಿಸ್ತಿದ್ದೆ. ಹಳ್ಳಿ ಹುಡುಗೂರಿಗೆ ನೆಟ್ ಸಿಗ್ತಿರಲಿಲ್ಲ. ಅವರ ಸಲುವಾಗಿ ರಾತ್ರಿ ಎಲ್ಲಾರೂ ಮಲಗಿದ ಮ್ಯಾಲೆ ಅದ ಪಾಠಾನ ಬರೇ ದನಿ ರೆಕಾರ್ಡ್ ಮಾಡಿ ವಾಟ್ಸಾಪಿಗೆ ಹಾಕ್ತಿದ್ದೆ. ಒಂದು ತಾಸಿನ ಪಾಠಕ್ಕ ಮೂರು ತಾಸು ದುಡಿಮಿ. ಲೆಕ್ಕಕ್ಕ ಹಿಡಿಯೂದು ಒಂದ ತಾಸು. ಆ ರೊಕ್ಕನೂ ಮೂರು ತಿಂಗಳು ಬರಲಿಲ್ಲ. "ನಮ್ಮ ಸೊಸಿಗೆ ಮನ್ಯಾಗ ಕುಂತ ಪಗಾರ" ಅಂತ ಅತ್ಯಾರು ಓಣಿ ತುಂಬ ಹೇಳಿಕೊಂಡು ಬರ್ತಿದ್ರು. ನಾ ರೀಚಾರ್ಜಿಗೆ ವೈನಿ ಕಡೆ ಕೈಗಡ ತಗೊಂಡಿದ್ದೆ.

ಕೆಲಸ ಬಿಡಬೇಕು ಅಂತ ಮಾಡಿದ್ದೆ. ಆಗ ನಮ್ಮ ವಿಭಾಗದ ಕಾಯಂ ಮೇಡಮ್ಮೊಬ್ಬರು ಫೋನ್ ಮಾಡಿ, "ನಾಳೆ ಹತ್ತಕ್ಕ ನನ್ನ ಆನ್‌ಲೈನ್ ಕ್ಲಾಸಿಗೆ ಸುಮ್ಮ ಬಂದು ಕೂಡ್ರಿ" ಅಂದ್ರು. ಹಾಜರಿ ಹೆಂಗ ತಗೋಬೇಕು, ಗೂಗಲ್ ಫಾರ್ಮಿನ್ಯಾಗ ಕಿರುಪರೀಕ್ಷೆ ಹೆಂಗ ಮಾಡಬೇಕು, ಎಲ್ಲಾ ತೋರಿಸಿದ್ರು. ತಮ್ಮ ನೋಟ್ಸ್ ಕೊಟ್ರು. "ಅಡಚಣಿ ಬಂದ್ರ ನನಗ ಕೇಳ್ರಿ" ಅಂದ್ರು. ಅವತ್ತ ರಾತ್ರಿ ಭಾಳ ದಿನದ ಮ್ಯಾಲೆ ಹೊತ್ತಿಗೆ ಸರಿಯಾಗಿ ಮಲಗಿದೆ.

2022ರ ಜನವರಿಯೊಳಗ ಸರ್ಕಾರ ಗೌರವಧನ ಏರಿಸ್ತು, 26 ಸಾವಿರದಿಂದ 32 ಸಾವಿರದ ತನಕ. ಅದರ ಜೊತಿಗೆ ವಾರದ ಕೆಲಸ 15 ತಾಸು ಮಾಡಿದ್ರು. ಇದ್ದ ತಾಸು ಕಡಿಮಿ ಮಂದಿಗೆ ಹಂಚಿ ಹೋದ್ವು, ಗೆಳತ್ಯಾರ ಕೆಲವರು ಮನಿಗೆ ಬಂದ್ರು. ಖುಷಿ ಪಡೂದೋ, ಅಳೂದೋ ತಿಳೀಲಿಲ್ಲ.

ಕಾಲೇಜಿನವರು ನನ್ನ ಕೇಳಿದ್ರ ಇಷ್ಟ ಹೇಳ್ತೀನಿ. ಪಾಠ ಶುರು ಆಗೂಕಿಂತ ಮೊದಲ ಒಂದು ದಿನ ಕೂಡಿಸಿ ಕಲಸ್ರಿ. ನೆಟ್ಟಿನ ಖರ್ಚು ಕೊಡ್ರಿ. ತಯಾರಿ ಮಾಡೂ ತಾಸನ್ನೂ ಲೆಕ್ಕಕ್ಕ ಹಿಡೀರಿ, ರೊಕ್ಕ ತಿಂಗಳಾ ತಿಂಗಳಾ ಹಾಕ್ರಿ. ಮತ್ತ, ಅಡಚಣಿ ಬಂದ್ರ ಕೇಳಾಕ ಒಬ್ಬರನ್ನ ಗೊತ್ತು ಮಾಡ್ರಿ. ನನಗ ಆ ಮೇಡಮ್ಮಾರು ಸಿಕ್ಕಿದ್ದು ನಸೀಬು. ಎಲ್ಲಾರಿಗೂ ಹಂಗ ಸಿಗೂದಿಲ್ಲ.

ನಿಮ್ಮ ಮನ್ಯಾಗ ಸೊಸಿ, ಮಗಳು ಹಿಂಗ ಫೋನಿನ ಮುಂದ ಪಾಠ ಮಾಡ್ತಿದ್ರ, ಅಕ್ಕಾರ, ಆ ಹೊತ್ತಿಗೆ ಒಲಿ ಮ್ಯಾಲಿನ ಸಾರು ನೀವು ನೋಡ್ಕೋರಿ.