ಬೇಡಿದ್ದೂ ಬೇಕಾದದ್ದೂ



ಬೇಡುವುದು ಮನುಷ್ಯನ ಸಹಜ ಸ್ವಭಾವ. ಇಷ್ಟಲಿಂಗವನ್ನು ಕರಸ್ಥಲದಲ್ಲಿರಿಸಿಕೊಂಡು ಕುಳಿತ ಗಳಿಗೆಯಲ್ಲಿಯೂ ನಮ್ಮ ಮನಸ್ಸು ಬೇಡಿಕೆಗಳ ಗಂಟನ್ನು ಬಿಚ್ಚುತ್ತಲೇ ಇರುತ್ತದೆಂಬುದನ್ನು ತಾವೂ ಬಲ್ಲಿರಿ. ಮಗನಿಗೆ ನೌಕರಿ, ಮಗಳಿಗೆ ಕಂಕಣಭಾಗ್ಯ, ಹೊಲಕ್ಕೆ ಮಳೆ, ವ್ಯಾಜ್ಯದಲ್ಲಿ ಜಯ. ಇವುಗಳಲ್ಲಿ ಆಸೆ ಯಾವುದು, ಅಗತ್ಯ ಯಾವುದು ಎಂದು ಬೇರ್ಪಡಿಸಿ ನೋಡುವ ವ್ಯವಧಾನ ನಮಗೆಲ್ಲಿದೆ?

ಈ ವಿಷಯವನ್ನು ಚಿಂತಿಸಿದಾಗಲೆಲ್ಲ ನನ್ನ ಕಣ್ಣೆದುರು ನಿಲ್ಲುವವಳು ಶರಣೆ ಆಯ್ದಕ್ಕಿ ಲಕ್ಕಮ್ಮ. ಇಂದಿನ ರಾಯಚೂರು ಜಿಲ್ಲೆಯ ಲಿಂಗಸುಗೂರು ತಾಲ್ಲೂಕಿಗೆ ಸೇರಿದ ಅಮರೇಶ್ವರದಿಂದ 12ನೆಯ ಶತಮಾನದ ಕಲ್ಯಾಣಕ್ಕೆ ಬಂದ ದಂಪತಿಗಳು ಮಾರಯ್ಯ-ಲಕ್ಕಮ್ಮ. ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತರುವುದು ಮಾರಯ್ಯನ ಕಾಯಕ. ಅದನ್ನು ಅಟ್ಟು ಜಂಗಮಕ್ಕೆ ನೀಡುವುದು ಆ ಮನೆಯ ನೇಮ. ಒಂದು ದಿನ ಮಾರಯ್ಯ ಎಂದಿಗಿಂತ ಹೆಚ್ಚು ಅಕ್ಕಿಯನ್ನು ತಂದಾಗ ಲಕ್ಕಮ್ಮ ಹಿಗ್ಗಲಿಲ್ಲ. ಹೆಚ್ಚಿನದನ್ನು ತಂದಲ್ಲಿಯೇ ಸುರಿದು ಬರಬೇಕೆಂದಳು. ತನ್ನ ವಚನಗಳ ಅಂಕಿತದಲ್ಲಿ ಗಂಡನ ಹೆಸರನ್ನು ದೇವರ ಹೆಸರಿನೊಡನೆ ಕೂಡಿಸಿಕೊಂಡಾಕೆಯೇ ಗಂಡನನ್ನು ತಿದ್ದಿದಳೆಂಬುದು ಗಮನಾರ್ಹ.

ಮಾರಯ್ಯ ಕದ್ದು ತಂದವನಲ್ಲ. ಬಿದ್ದ ಕಾಳನ್ನೇ ಆಯ್ದಿದ್ದ. ನಾಳೆ ಮೈಗೆ ಜಡ್ಡಾದರೆ ಏನು ಗತಿಯೆಂದು ಯಾವ ಸಂಸಾರಿಯಾದರೂ ಒಂದು ಹಿಡಿ ಹೆಚ್ಚಿಗೆ ಕಟ್ಟಿಕೊಳ್ಳುವನಲ್ಲವೆ? ಆದರೆ ಆ ತಾಯಿಗೆ ನಾಳೆಯೂ ಶಿವನಿದ್ದಾನೆ. ಇಂದಿನ ಗಡಿಗೆಯಲ್ಲಿ ನಾಳೆಯ ಅಕ್ಕಿಯನ್ನು ಬಚ್ಚಿಟ್ಟರೆ ಆ ನಂಬಿಕೆಗೆ ಬಿರುಕು ಬಿದ್ದಂತೆಯೇ. ಹಾಗೆಂದು ಕೈಕಟ್ಟಿ ಕುಳಿತ ನಂಬಿಕೆಯೂ ಅದಲ್ಲ. ನಾಳೆ ಮತ್ತೆ ಬೆನ್ನು ಬಗ್ಗಿಸಿ ಆಯಬೇಕು.

ಇಲ್ಲಿ ಒಂದು ಮಾತನ್ನು ಒತ್ತಿ ಹೇಳಬೇಕಾಗಿದೆ. ತುಂಬಿದ ಕಣಜದವನು ಬಡವನಿಗೆ "ನಿನಗೆ ಇಷ್ಟು ಸಾಕು" ಎಂದರೆ ಅದು ಉಪದೇಶವಲ್ಲ, ಕ್ರೌರ್ಯ. ಲಕ್ಕಮ್ಮ ಅಳೆದದ್ದು ತನ್ನ ಗಡಿಗೆಯನ್ನು, ನೆರೆಯವರದನ್ನಲ್ಲ. ಮಠದ ಪ್ರಸಾದನಿಲಯದಲ್ಲಿ ಓದಿದವರಿಗೆ ಇದು ಹೊಸದೇನಲ್ಲ. ಬಡಿಸುವವರು ಎಂದೂ ಸಾಕೆನ್ನುತ್ತಿರಲಿಲ್ಲ. ಸಾಕೆನ್ನುವ ಅಧಿಕಾರ ಉಣ್ಣುವವನದಾಗಿತ್ತು. ನೀಡಿಸಿಕೊಂಡದ್ದನ್ನು ಬಿಡುವಂತಿರಲಿಲ್ಲ, ಅಷ್ಟೆ.

ಇನ್ನು ನನ್ನ ಸ್ವಂತದ ಮಾತು. ನನ್ನ ಧರ್ಮಪತ್ನಿಯ ಎರಡೂ ಮೂತ್ರಪಿಂಡಗಳು ಕೆಟ್ಟು ಆರು ವರ್ಷಗಳಾದವು. ವಾರಕ್ಕೆ ಮೂರು ಸಲ ಡಯಾಲಿಸಿಸ್, ಸಲಕ್ಕೆ ನಾಲ್ಕು ಗಂಟೆ. ಪೂರ್ಣ ಗುಣವಾಗಲೆಂದು ಬೇಡಿದೆನು. ಅದು ಬರಿಯ ಆಸೆ, ಅಗತ್ಯವಲ್ಲ ಎಂದು ಯಾರಾದರೂ ಹೇಳಿದರೆ ನಾನು ಒಪ್ಪಲಾರೆ. ಗುಣವಾಗಲಿಲ್ಲ. ದೇವರು ಒಳ್ಳೆಯದಕ್ಕಾಗಿಯೇ ಹೀಗೆ ಮಾಡಿದ್ದಾನೆಂದು ಸಮಾಧಾನ ಹೇಳಲು ಬಂದವರಿಗೆ ಆಕೆ ನಗುತ್ತ ಚಹಾ ಕೊಟ್ಟು ಕಳುಹಿಸಿದಳೇ ಹೊರತು ಹೌದೆನ್ನಲೂ ಇಲ್ಲ, ಅಲ್ಲವೆನ್ನಲೂ ಇಲ್ಲ.

ನಮಗೆ ದೊರೆತದ್ದು ಬೇರೊಂದು. ಒಂದು ಸರದಿಯಿಂದ ಮುಂದಿನ ಸರದಿಯವರೆಗೆ ಸಾಲುವಷ್ಟು ಬಲ. ಕೂಡಿಡಲು ಬಾರದ, ಆಯಾ ದಿನಕ್ಕೇ ಮುಗಿಯುವ ಬಲ. ಇದು ದೇವರ ದಯೆಯೋ, ಆಕೆಯ ಛಲವೋ, ಯಂತ್ರದ ಬಳಿ ನಿಂತ ದಾದಿಯರ ಕಾಯಕವೋ ಎಂದು ವಿಂಗಡಿಸುವ ಗೋಜಿಗೆ ನಾನು ಹೋಗುವುದಿಲ್ಲ. ಮೂರೂ ಒಂದೇ ಗಡಿಗೆಗೆ ಬೀಳುತ್ತಿವೆ.

ಈ ವ್ಯಾಧಿಯಲ್ಲಿ ಕುಡಿಯುವ ನೀರಿಗೂ ಅಳತೆಯುಂಟು. ಕುಡಿದದ್ದು ದೇಹದಲ್ಲಿಯೇ ನಿಂತು ಶ್ವಾಸಕ್ಕೂ ಹೃದಯಕ್ಕೂ ಭಾರವಾಗುತ್ತದೆ. ಬೇಸಗೆಯಲ್ಲಿ ತುಟಿ ಒಣಗಿ ಸೀಳಿದರೂ ಹೆಚ್ಚಿಗೆ ಒಂದು ಗುಟುಕು ಕೂಡದು. ಆಕೆ ಬೆಳಗಿನ ಪೂಜೆ ಮುಗಿಸಿ, ದಿನದ ನೀರನ್ನು ಒಂದು ಪುಟ್ಟ ತಂಬಿಗೆಗೆ ಅಳೆದು ಹಾಕಿ, ಮೇಲೊಂದು ತಟ್ಟೆ ಮುಚ್ಚಿಡುತ್ತಾಳೆ. "ಇವತ್ತಿಂದು ಇಷ್ಟು. ನಾಳಿಂದು ನಾಳೆ ಆಯ್ಕೊಂಡ್ರಾಯ್ತು" ಎನ್ನುತ್ತಾಳೆ. ಲಕ್ಕಮ್ಮನ ಕಥೆಯನ್ನು ಆಕೆಗೆ ಹೇಳಿದವನು ನಾನಲ್ಲ. ಅದು ಆಕೆಯ ತವರಿನಿಂದಲೇ ಬಂದದ್ದು.